ಹಸಿರು ಜಾಗ್ವಾರಿನ ಬಾಯಿಗೆ ಹಾರ

ಭೂತಪ್ಪಂಗೆ ಒಂದು ಅಭ್ಯಾಸ. ಸಾಗರದಿಂದ ಹೊರಟು ಹೊಸನಗರ, ನಗರ, ಮಾಸ್ತಿಕಟ್ಟೆ ಎಲ್ಲಾ ಸುತ್ತಿ ತೀರ್ಥಹಳ್ಳಿ ಮುಟ್ಟೋ ಪ್ರೈವೇಟ್ ಬಸ್ಸಿಗೆ ಅವನೇ ಡ್ರೈವರ್ರು. ತೀರ್ಥಹಳ್ಳಿ ಇನ್ನೇನು ಬಂತು ಅನ್ನೋವಾಗ ಎಡಗಡೆ ಒಂದು ಮನೆ, ಮನೆ ಪಕ್ಕ ಒಂದು ಶೆಡ್ಡು. ಅಲ್ಲಿಗೆ ಬಂದಾಗ ಭೂತಪ್ಪ ಎರಡು ಸಲ ಹಾರನ್ ಹೊಡೀತಾನೆ. ಅಲ್ಲಿ ಸ್ಟಾಪ್ ಇಲ್ಲ, ತಿರುವಿಲ್ಲ, ದನಾನೂ ಅಡ್ಡ ಬರಲ್ಲ. ಹೊಸಬ್ರು ಯಾರಾದ್ರೂ ಮುಂದಿನ ಸೀಟಲ್ಲಿ ಕೂತಿದ್ರೆ ಇದ್ಯಾರಿಗೆ ಹೊಡೆದ್ರಿ ಅಂತ ಕೇಳ್ತಾರೆ. ಕಂಡಕ್ಟರ್ ಸುಬ್ಬರಾಯ ಟಿಕೆಟ್ ಹರೀತಾ ಹೇಳ್ತಾನೆ, "ಅವ್ರ ಲವ್ವರ್ ಅಲ್ಲಿ ಮಲ್ಗಿದಾಳೆ ಮಾರಾಯ್ರೆ, ಏಳುಸ್ತಾ ಇದಾರೆ."

ಶೆಡ್ಡಲ್ಲಿ ಮಲಗಿರೋದು ಒಂದು ಕಾರು. ಬರೀ ಕಾರು ಅಂದ್ರೆ ತಪ್ಪಾಗುತ್ತೆ. ಜಾಗ್ವಾರ್ ಇ-ಟೈಪು, ಎಪ್ಪತ್ತರ ದಶಕದ ಶುರುವಿಂದು, ಇಂಗ್ಲೆಂಡಿನ ಮಾಲು. ಬಟ್ಟೆಯ ಚಾವಣಿ ಮಡಚಿ ಹಿಂದಕ್ಕೆ ಹಾಕಿದ್ರೆ ಮೇಲೆ ಆಕಾಶ. ಕಾಡು ಹಸಿರು ಬಣ್ಣ. ಮುಂದಿನ ಬಾನೆಟ್ಟು ಎಷ್ಟು ಉದ್ದ ಅಂದ್ರೆ ಡ್ರೈವರ್ರು ಕೂರೋದು ಹೆಚ್ಚುಕಮ್ಮಿ ಹಿಂದಿನ ಚಕ್ರದ ಹತ್ರ. ಆ ಬಾನೆಟ್ಟಿನ ಒಳಗೆ ಹನ್ನೆರಡು ಸಿಲಿಂಡರ್ ಇಂಜಿನ್ನು. ಭೂತಪ್ಪನ ಬಸ್ಸು ಅಷ್ಟು ಜನರನ್ನ, ಅವರ ಅಕ್ಕಿ ಮೂಟೆ, ಕೋಳಿ, ಗ್ಯಾಸ್ ಸ್ಟೌವ್ ಎಲ್ಲಾ ಹೊತ್ಕೊಂಡು ಹೋಗೋದು ಆರು ಸಿಲಿಂಡರಲ್ಲಿ. ಇಲ್ಲಿ ಕೂರೋದು ಇಬ್ರು, ಸಿಲಿಂಡರ್ ಹನ್ನೆರಡು. ಲೆಕ್ಕ ಹಾಕಿದ್ರೇ ಮೈ ಜುಂ ಅನ್ನುತ್ತೆ.

ಭೂತಪ್ಪ ಅದನ್ನ ಮೊದಲು ನೋಡಿದ್ದು ಹೊಸನಗರ ಬಸ್ ಸ್ಟ್ಯಾಂಡಲ್ಲಿ. ಆಗ ಅವನು ಬಸ್ಸಿಗೆ ಕ್ಲೀನರ್ರು, ಟಾಪ್ ಮೇಲೆ ಅಡಿಕೆ ಮೂಟೆ ಕಟ್ತಾ ಇದ್ದ. ಕೆಳಗೆ ಹಸಿರು ಬಣ್ಣದ್ದು ಏನೋ ಬಂದು ಸುಮ್ಮನೆ ನಿಂತ್ಕೊಂಡ್ತು. ಒಳಗಿಂದ ಇಳಿದಿದ್ದು ಇಂಗ್ಲೆಂಡಲ್ಲಿ ಡಾಕ್ಟರ್ ಆಗಿದ್ದು ಊರಿಗೆ ವಾಪಸ್ ಬಂದಿದ್ದ ತೀರ್ಥಹಳ್ಳಿ ಕಡೆಯೋರು ಒಬ್ರು. ಹಡಗಲ್ಲಿ ಕಾರನ್ನೂ ಜೊತೆಗೇ ತಂದಿದ್ರು. ಭೂತಪ್ಪ ಹಗ್ಗ ಅಲ್ಲೇ ಬಿಟ್ಟು ಏಣಿ ಇಳಿದು ಬಂದು ನಿಂತ. ಡಾಕ್ಟ್ರು ಅವನ ಮುಖ ನೋಡಿ ನಕ್ಕು, ಬಾನೆಟ್ ಎತ್ತಿದ್ರು. ಬೇರೆ ಕಾರಿನ ಥರ ಮುಚ್ಚಳ ಅಲ್ಲ ಅದು, ಮೂತಿಗೆ ಮೂತೀನೇ ಮುಂದಕ್ಕೆ ಬಗ್ಗುತ್ತೆ. ಇಂಜಿನ್ ಓಡ್ತಾ ಇರೋವಾಗ್ಲೇ ಡಾಕ್ಟ್ರು ಜೇಬಿಂದ ಒಂದು ನಾಣ್ಯ ತೆಗೆದು ಇಂಜಿನ್ ಮೇಲೆ ಅಂಚಿನ ಮೇಲೆ ನಿಲ್ಲಿಸಿದ್ರು. ಬೀಳ್ಲಿಲ್ಲ. ಭೂತಪ್ಪನ ಬಸ್ಸು ಸ್ಟಾರ್ಟ್ ಆದ್ರೆ ಕಿಟಕಿ ಗಾಜು, ಪ್ಯಾಸೆಂಜರ್ ಹಲ್ಲು ಎರಡೂ ಕಟಕಟ ಅಂತಿತ್ತು. ಇಲ್ಲಿ ನಾಣ್ಯ ನಿಂತೇ ಇತ್ತು.

ಅವತ್ತೇ ಭೂತಪ್ಪ ಡ್ರೈವರ್ ಆಗ್ಬೇಕು ಅಂತ ತೀರ್ಮಾನ ಮಾಡಿದ್ದು. ಕ್ಲೀನರ್ ಇಂದ ಕಂಡಕ್ಟರ್ ಆದ, ಕಂಡಕ್ಟರ್ ಇಂದ ಸ್ಟೇರಿಂಗಿಗೆ ಬಂದ. ಹೊನ್ನೆಮರಡಿನ ಹತ್ರ ಹಿನ್ನೀರಿನ ಪಕ್ಕದ ಅವನ ಮನೇಲಿ ಹೆಂಡತಿ ದುರ್ಗಮ್ಮ ಈಗ್ಲೂ ಆಡ್ಕೋತಾಳೆ, "ನನ್ನ ಹೆಣ್ಣು ನೋಡಕ್ಕೆ ಬಂದಾಗ್ಲೂ ಆ ಕಾರಿನ ಕತೇನೇ ಹೇಳ್ತಾ ಕೂತಿದ್ರು. ನಮ್ಮಪ್ಪ ಕಾರು ಇವ್ರದ್ದೇ ಅಂತ ತಿಳ್ಕಂಡು ಒಪ್ಕೊಂಡ್ಬಿಟ್ಟ."

ಡಾಕ್ಟ್ರು ತೀರಿಹೋದ್ಮೇಲೆ ಕಾರು ಶೆಡ್ಡು ಸೇರ್ತು. ಟಾರ್ಪಾಲ್ ಕೆಳಗಿಂದ ಮೂತಿ ಮಾತ್ರ ಚೂರು ಕಾಣ್ತಿತ್ತು. ಆ ಮೂತಿಗೇ ಭೂತಪ್ಪನ ಹಾರನ್ನು.

ಈಗ ಆ ಮನೇಲಿರೋದು ಡಾಕ್ಟ್ರ ಮೊಮ್ಮಗ ಹರ್ಷವರ್ಧನ. ತೀರ್ಥಹಳ್ಳಿ ಪೇಟೇಲಿ ಮೆಡಿಕಲ್ ಶಾಪ್ ಇಟ್ಕೊಂಡಿದಾನೆ, ಒಳ್ಳೆ ಹುಡುಗ. ಈ ವರ್ಷ ಮಳೆ ಶುರುವಾಗೋ ಮುಂಚೆ ಸುಬ್ಬರಾಯ ಒಂದು ಸುದ್ದಿ ತಂದ. ಹಳೇ ಕಾರು ಕೂಡಿಡೋ ಮಂಗಳೂರಿನೋರು ಒಬ್ರು ಜಾಗ್ವಾರ್ ಕೇಳಿದಾರೆ, ಹರ್ಷ ಕೊಡ್ತಾನಂತೆ.

ಮಾರನೇ ದಿನ ಆ ಮನೆ ಎದುರು ಹಾರನ್ ಜೊತೆ ಬ್ರೇಕೂ ಬಿತ್ತು. ತುಂಬಿದ ಬಸ್ಸನ್ನ ರಸ್ತೆ ಪಕ್ಕ ನಿಲ್ಲಿಸಿ ಭೂತಪ್ಪ ಸೀದಾ ಅಂಗಳಕ್ಕೆ ಹೋದ.

"ಹರ್ಷಣ್ಣ, ಕಾರು ಕೊಡ್ತೀರಂತೆ."

"ಹೌದು ಭೂತಪ್ಪಣ್ಣ. ಓಡದೇ ಇರೋದನ್ನ ಇಟ್ಕಂಡು ಎಂತ ಮಾಡ್ಲಿ? ಇಲಿ ಮರಿ ಹಾಕಕ್ಕೆ ಜಾಗ ಆಗಿದೆ ಅಷ್ಟೆ."

"ಓಡಿದ್ರೆ?"

"ಓಡಿದ್ರೂ ನಂಗೆ ಓಡ್ಸಕ್ಕೆ ಬರಲ್ಲ. ನಂದು ಆಟೋಮೆಟಿಕ್ ಕಾರು. ಎಡಗಾಲು ಇರೋದು ಚಪ್ಪಲಿ ಹಾಕ್ಕಳಕ್ಕೆ ಮಾತ್ರ."

ಬಸ್ಸಿಂದ ಒಬ್ರು ಕೂಗಿದ್ರು, "ಡ್ರೈವರ್ರೇ, ಹೆಣ್ಣಿನ ಮಾತುಕತೆ ಆಮೇಲೆ ಮುಗ್ಸಿ, ನಮ್ಗೆ ಬ್ಯಾಂಕು ಬಾಗ್ಲು ಹಾಕ್ತಾರೆ."

ಭೂತಪ್ಪ ಆ ಕಡೆ ತಿರುಗ್ಲೂ ಇಲ್ಲ. "ಸಾಗರದಲ್ಲಿ ನಮ್ಮ ಬಾಲು ಅಂತ ಮೆಕ್ಯಾನಿಕ್ ಇದಾನೆ. ಒಂದ್ಸಲ ಅವನ ಕೈಗೆ ಕೊಟ್ಟು ನೋಡಿ. ಅಜ್ಜ ಹಡಗಲ್ಲಿ ತಂದಿದ್ದು ಮಾರಾಯ್ರೆ."

ಅಜ್ಜನ ಹೆಸರು ಬಂದಿದ್ದೇ ಹರ್ಷ ಸ್ವಲ್ಪ ಮೆತ್ತಗಾದ. ಶೆಡ್ ಕಡೆ ನೋಡ್ದ, ಬಸ್ ಕಡೆ ನೋಡ್ದ. ಆಮೇಲೆ ಒಂದು ಮಾತು ಹೇಳ್ದ. ಖರ್ಚು ನಂದು, ಬಾಲು ರಿಪೇರಿ ಮಾಡ್ಲಿ. ಸಾಗರದಿಂದ ಈ ಅಂಗಳದವರೆಗೆ ಕಾರು ತನ್ನ ಚಕ್ರದ ಮೇಲೇ ಬಂದ್ರೆ ಇಟ್ಕೋತೀನಿ. ಲಾರಿ ಮೇಲೆ ಬಂತು ಅಂದ್ರೆ ಹಂಗೇ ಮಂಗಳೂರಿಗೆ. ಮಂಗಳೂರಿನೋರು ಆಯುಧ ಪೂಜೆ ದಿನ ಟ್ರೇಲರ್ ತಗೊಂಡು ಬರ್ತಾರೆ, ಅವತ್ತೇ ಫೈನಲ್.

"ಓಡ್ಸೋದು ಯಾರು?" ಅಂದ ಹರ್ಷ.

ಭೂತಪ್ಪನ ಬಲಗೈ ತನ್ನಷ್ಟಕ್ಕೆ ತಾನೇ ಎದೆ ಮೇಲೆ ಬಂದು ಕೂತ್ಕೊಂಡ್ತು.

ಕಾರು ಲಾರಿ ಮೇಲೆ ಸಾಗರಕ್ಕೆ ಹೋಯ್ತು, ಮಳೆಗಾಲ ಪೂರ್ತಿ ಬಾಲು ಅದರ ಕೆಳಗೇ ಇದ್ದ. ಕೆಲವು ಸಾಮಾನು ಇಂಗ್ಲೆಂಡಿಂದ ಪಾರ್ಸೆಲ್ ಬಂತು, ಕೆಲವನ್ನ ಶಿವಮೊಗ್ಗದಲ್ಲಿ ಲೇತ್ ಮಿಷನ್ನಲ್ಲಿ ಮಾಡಿಸ್ಕೊಂಡು ಬಂದ. ಭೂತಪ್ಪ ಡ್ಯೂಟಿ ಮುಗಿದ ಕೂಡ್ಲೇ ಗ್ಯಾರೇಜಿಗೆ ಹಾಜರು. ಇಂಜಿನ್ ಮೊದಲ ಸಲ ಹತ್ತಿದ ಸಂಜೆ ಬಾಲು, "ಭೂತಪ್ಪಣ್ಣ, ನಿಮ್ಮ ನಾಣ್ಯ ತೆಗೀರಿ" ಅಂದ. ನಿಲ್ಲಿಸಿದ್ರು, ಬಿತ್ತು. ಬಾಲು ಕಾರ್ಬುರೇಟರಲ್ಲಿ ಏನೋ ತಿರುಪ್ದ. ಮತ್ತೆ ನಿಲ್ಲಿಸಿದ್ರು, ಮತ್ತೆ ಬಿತ್ತು. ನಾಕು ಕಾರ್ಬುರೇಟರ್ ಅದಕ್ಕೆ, ಒಂದನ್ನ ಸಮಾಧಾನ ಮಾಡಿದ್ರೆ ಇನ್ನೊಂದು ಮುನಿಸ್ಕೊಳ್ಳುತ್ತೆ. ಆಮೇಲೆ ಒಂದ್ಸಲ ನಾಣ್ಯ ನಿಂತ್ಕೊಂಡ್ತು. ಇಬ್ರೂ ಉಸಿರು ಬಿಡದೇ ನೋಡ್ತಾ ನಿಂತ್ರು, ಉಸಿರು ತಾಗಿ ಬಿದ್ದೀತು ಅಂತ.

"ಒಂದೇ ವಿಷ್ಯ," ಅಂದ ಬಾಲು. "ಇಷ್ಟು ದೊಡ್ಡ ಇಂಜಿನ್ನು, ಬಿಸಿ ಜಾಸ್ತಿ. ಟೆಂಪರೇಚರ್ ಮುಳ್ಳಿನ ಮೇಲೆ ಒಂದು ಕಣ್ಣು ಇಟ್ಟಿರಿ."

ಆಯುಧ ಪೂಜೆ ಬಂತು. ಸಾಗರದಲ್ಲಿ ಅವತ್ತು ಚಕ್ರ ಇರೋದೆಲ್ಲಾ ದೇವ್ರೇ. ಆಟೋ, ಜೆಸಿಬಿ, ಸೈಕಲ್ಲು, ಅಡಿಕೆ ಸುಲಿಯೋ ಮಿಷನ್ನು, ಎಲ್ಲದಕ್ಕೂ ಕುಂಕುಮ. ಭೂತಪ್ಪನ ಬಸ್ಸಿಗೆ ಅವತ್ತು ಬೇರೆ ಡ್ರೈವರ್ರು. ಅವನು ಹೊಸ ಅಂಗಿ ಹಾಕ್ಕೊಂಡು ಗ್ಯಾರೇಜಿಗೆ ಬಂದ, ಹರ್ಷ ಬೆಳಗ್ಗೆ ಬಸ್ಸಿಗೇ ಸಾಗರಕ್ಕೆ ಬಂದಿದ್ದ. ಬಾಲು ಬೂದುಗುಂಬಳ ಒಡೆದ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ. ಬಸ್ ಸ್ಟ್ಯಾಂಡಿನ ಹೂವಿನ ಮೂಕಮ್ಮ ಚೆಂಡು ಹೂವಿನ ಹಾರ ತಗೊಂಡು ಖುದ್ದಾಗಿ ಬಂದಿದ್ಲು. ಬಸ್ಸಿಗೆ ಕಟ್ಟೋ ಅಳತೆ, ತೋಳಿನಷ್ಟು ದಪ್ಪ. ಅವಳು ಕಾರಿನ ಸುತ್ತ ಒಂದು ಸುತ್ತು ಬಂದ್ಲು.

"ಇದಕ್ಕೆ ಎಲ್ಲಿ ಕಟ್ಟೋದು? ಕೊಬ್ರಿ ಎಣ್ಣೆ ಹಚ್ಚಿದ ತಲೆ ಥರ ಇದೆ, ಒಂದು ಕೊಕ್ಕೆ ಇಲ್ಲ, ಸರಳಿಲ್ಲ."

"ಹಾರ ಇಲ್ದಿದ್ರೂ ನಡೆಯುತ್ತೆ ಅಲ್ವಾ?" ಅಂದ ಹರ್ಷ.

ಮೂವರೂ ಅವನ ಕಡೆ ತಿರುಗಿದ್ರು. ಆಯುಧ ಪೂಜೆ ದಿನ ಹಾರ ಇಲ್ಲದೇ ಭೂತಪ್ಪ ಗಾಡಿ ಎತ್ತಿದ್ದು ಜೀವಮಾನದಲ್ಲೇ ಇಲ್ಲ. ಹಾಕಿದ ಹಾರ ಅದಾಗೇ ಒಣಗಿ ಉದುರೋವರೆಗೆ ಬಿಚ್ಚಿದ್ದೂ ಇಲ್ಲ. ಅದು ಅವನ ಕಾನೂನು.

ಕೊನೆಗೆ ಜಾಗ ಕಂಡಿದ್ದು ಬಾಲೂಗೆ. ಮೂತಿ ತುದೀಲಿ ಅಗಲವಾದ ಬಾಯಿ ಇದೆ, ಬಾಯಿಗೆ ಸ್ಟೀಲಿನ ಜಾಲರಿ. ಜಾಲರಿಗೆ ದಾರ ಪೋಣಿಸಿ ಹಾರ ಕಟ್ಟಿದ್ರು. ಹಸಿರು ಕಾರಿಗೆ ಕೇಸರಿ ಮೀಸೆ ಬಂದಂಗೆ ಆಯ್ತು. ಎಷ್ಟು ಚಂದ ಅಂದ್ರೆ ರಸ್ತೇಲಿ ಹೋಗೋರೆಲ್ಲಾ ಬಂದು ಫೋಟೋ ತಗೊಂಡ್ರು.

ಹೊರಟ್ರು. ನಿಂಬೆಹಣ್ಣು ಪಚಕ್ ಅಂತು. ಭೂತಪ್ಪ ಕೂತಿದ್ದು ಎಷ್ಟು ಕೆಳಗೆ ಅಂದ್ರೆ ಕೈ ಚಾಚಿದ್ರೆ ಟಾರು ಮುಟ್ಟಬಹುದು. ಬಸ್ಸಲ್ಲಿ ಕೂತು ಮೇಲಿಂದ ನೋಡ್ತಿದ್ದ ಊರೆಲ್ಲಾ ಈಗ ತಲೆ ಮೇಲಿತ್ತು. ಬಟ್ಟೆಮಲ್ಲಪ್ಪದ ಕಡೆ ನೇರ ರಸ್ತೆ ಸಿಕ್ಕಿದ್ದೇ ಮೂರನೇ ಗೇರಲ್ಲಿ ಸ್ವಲ್ಪ, ಸ್ವಲ್ಪವೇ, ಒತ್ತಿದ. ಕಾರು ಹಾರ್ತು ಅಂತ ಹೇಳೋದಲ್ಲ, ರಸ್ತೇನೇ ಯಾರೋ ಚಾಪೆ ಎಳೆದಂಗೆ ಕೆಳಗಿಂದ ಎಳ್ಕೊಂಡ್ರು. ಹರ್ಷನ ಟೋಪಿ ಹಿಂದಿನ ಗದ್ದೆಗೆ ಹೋಯ್ತು.

"ಟೋಪಿ, ಟೋಪಿ" ಅಂದ ಹರ್ಷ.

"ಹೋಗ್ಲಿ ಬಿಡಿ, ತಲೆ ಇದ್ಯಲ್ಲ" ಅಂದ ಭೂತಪ್ಪ.

ಆದ್ರೆ ಒಂದು ಎಡವಟ್ಟು. ಭೂತಪ್ಪನ ಕಾಲಿಗೆ ಇದು ಕಾರು ಅಂತ ಗೊತ್ತೇ ಆಗ್ಲಿಲ್ಲ. ಪ್ರತೀ ಬಸ್ ಸ್ಟಾಪಿಗೂ ಕಾಲು ತಾನೇ ಬ್ರೇಕ್ ಮೇಲೆ ಹೋಗ್ತಿತ್ತು. ಕಾರು ನಿಂತ ಕೂಡ್ಲೇ ಸ್ಟಾಪಲ್ಲಿದ್ದೋರಿಗೆ ಡ್ರೈವರ್ ಗುರುತು ಸಿಕ್ತಿತ್ತು. "ಅರೆ, ನಮ್ಮ ಭೂತಪ್ಪಣ್ಣ. ಬಸ್ಸು ನೀರಿಗೆ ಬಿದ್ದು ಸಣ್ಣ ಆಯ್ತಾ?" ಅಂತ ಒಬ್ಬ. ಹಬ್ಬದ ದಿನ, ಎಲ್ಲರ ಕೈಯಲ್ಲೂ ಹೂವು. ಅಷ್ಟು ವರ್ಷ ತಮ್ಮನ್ನ ಸಂತೆಗೆ, ಆಸ್ಪತ್ರೆಗೆ, ಮದುವೆಗೆ ಮುಟ್ಟಿಸಿದ ಮನುಷ್ಯ ಇಂಥ ಗಾಡೀಲಿ ಬಂದಿದಾನೆ, ಸುಮ್ನೆ ಕಳ್ಸಕ್ಕಾಗುತ್ತಾ. ಬಟ್ಟೆಮಲ್ಲಪ್ಪದಲ್ಲಿ ಒಂದು ಹಾರ. ಹೊಸನಗರ ಆಟೋ ಸ್ಟ್ಯಾಂಡಿನೋರು ಎರಡು, ಜೊತೆಗೆ ಮಾವಿನ ತೋರಣ. ನಗರದಲ್ಲಿ ಒಬ್ಬ ಅಜ್ಜಿ ಮುಡಿದಿದ್ದ ಸೇವಂತಿಗೇನೇ ಬಿಚ್ಚಿ ಜಾಲರಿಗೆ ಸಿಕ್ಕಿಸಿದ್ಲು. ಎಲ್ಲಾ ಅದೇ ಬಾಯಿಗೆ, ಯಾಕಂದ್ರೆ ಬೇರೆಲ್ಲೂ ಕಟ್ಟೋ ಜಾಗ ಇಲ್ವಲ್ಲ. ಭೂತಪ್ಪ ಕೈ ಮುಗೀತಾ ಹೋದ, ಎದೆ ಉಬ್ಬಿ ಅಂಗಿ ಗುಂಡಿ ಕಿತ್ತು ಬರೋದೊಂದು ಬಾಕಿ.

ನಗರ ದಾಟಿ ಮಾಸ್ತಿಕಟ್ಟೆ ಕಡೆ ಏರು ಶುರುವಾಯ್ತು.

"ಭೂತಪ್ಪಣ್ಣ, ಆ ಮುಳ್ಳು ಇಷ್ಟು ಮೇಲಿರಬೇಕಾ?"

ಭೂತಪ್ಪ ನೋಡಿದ. ಅವನು ಹಾರ ನೋಡ್ತಾ ಮುಳ್ಳು ಮರೆತಿದ್ದ. ಅಷ್ಟೊತ್ತಿಗೆ ಹರ್ಷನ ಫೋನು. ಮಂಗಳೂರಿನೋರು, ಟ್ರೇಲರ್ ಸಮೇತ ಅಂಗಳಕ್ಕೇ ಬಂದ್ಬಿಟ್ಟಿದಾರೆ. "ಬರ್ತಾ ಇದೀವಿ ಸಾರ್, ಆರಾಮಾಗಿ ಬರ್ತಾ..." ಅನ್ನೋವಾಗ್ಲೇ ಮೂತಿಯಿಂದ ಬಿಳೀ ಹಬೆ ಎದ್ದು ಎದುರಿನ ಗಾಜಿಗೆ ಬಡೀತು. ಹರ್ಷ ಫೋನ್ ಇಟ್ಟ. ಭೂತಪ್ಪ ರಸ್ತೆ ಪಕ್ಕ ನಿಲ್ಲಿಸಿ ಇಂಜಿನ್ ಆಫ್ ಮಾಡಿದ. ಕಾಡು ಎಷ್ಟು ಸುಮ್ಮನೆ ಇತ್ತು ಅಂದ್ರೆ, ಒಳಗೆ ನೀರು ಕೊತ ಕೊತ ಅನ್ನೋದು ಕೇಳ್ತಿತ್ತು.

"ಎಂಥ ಸಾವು ಮಾರಾಯ್ರೆ," ಅಂದ ಭೂತಪ್ಪ, ತುಂಬಾ ಸಣ್ಣ ದನೀಲಿ.

ಹರ್ಷ ಕೆಳಗಿಳಿದು ಗಾಜಿನ ಮೇಲಿನ ಹಬೆ ಒರೆಸ್ದ. ಭೂತಪ್ಪನ ತಲೇಲಿ ಒಂದೇ ಲೆಕ್ಕ. ಇಲ್ಲಿ ಕೂತ್ರೆ ಟ್ರೇಲರ್ ಇಲ್ಲಿಗೇ ಬರುತ್ತೆ, ನಾಳೆಯಿಂದ ಆ ಶೆಡ್ಡಿನ ಎದುರು ಯಾರಿಗೆ ಹಾರನ್ ಹೊಡೆಯೋದು? ಹರ್ಷನ ಫೋನಿಂದ ಬಾಲೂಗೆ ಮಾಡಿದ್ರೆ ಬರೀ ರಿಂಗ್ ಆಯ್ತು, ಹಬ್ಬದ ಗದ್ದಲದಲ್ಲಿ ಅವನಿಗೆ ಕೇಳಿಸ್ಲಿಲ್ಲ ಅನ್ಸುತ್ತೆ. ಪೈಪ್ ಹೋಯ್ತಾ, ಪಂಪ್ ಹೋಯ್ತಾ, ಬಾಲು ಏನಾದ್ರೂ ಸರಿಯಾಗಿ ಕೂರಿಸ್ಲಿಲ್ವಾ? ಬಗ್ಗಿ ಕೆಳಗೆ ನೋಡ್ದ, ಒಂದು ಹನಿ ಸೋರಿಲ್ಲ. ಮೂತಿ ಹತ್ರ ಬಂದ. ಅಲ್ಲಿ ಒಂದು ವಾಸನೆ. ಎಣ್ಣೆದಲ್ಲ, ರಬ್ಬರಿಂದಲ್ಲ. ಹೂವು ಬೇಯ್ತಿರೋ ವಾಸನೆ.

ಚೆಂಡು ಹೂವು ಮುಟ್ಟಿದ. ಸುಡ್ತಿತ್ತು. ಒಳಗಿನ ಪದರದ್ದೆಲ್ಲಾ ಬಸಳೆ ಸೊಪ್ಪು ಬೇಯಿಸಿದಂಗೆ ಮೆತ್ತಗಾಗಿ ಜಾಲರಿಗೆ ಅಂಟ್ಕೊಂಡಿತ್ತು. ಭೂತಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತ್ಬಿಟ್ಟ.

"ಏನಾಯ್ತು?"

"ನಾನೇ ಕೊಂದೆ ಹರ್ಷಣ್ಣ. ಇದು ಉಸಿರಾಡೋ ಬಾಯಿ. ನಮ್ಮ ಬಸ್ಸಿಗೆ ಹಾರ ಕಟ್ಟೋದು ಮೇಲೆ, ಗಾಜಿನ ಹತ್ರ. ಗಾಳಿ ಹೋಗೋದು ಕೆಳಗಿಂದ. ಇದಕ್ಕೆ ಬಾಯಿಗೇ ಬಟ್ಟೆ ತುರುಕಿದಂಗೆ ಮಾಡಿ, ದಾರೀ ಉದ್ದಕ್ಕೂ ಇನ್ನಷ್ಟು ತುರುಕ್ತಾ ಬಂದಿದೀವಿ."

"ಹಂಗಾದ್ರೆ ತೆಗೀರಿ ಮತ್ತೆ."

ಭೂತಪ್ಪ ಕೈ ಮುಂದೆ ಮಾಡ್ದ, ಹಿಂದೆ ತಗೊಂಡ. ಪೂಜೆ ದಿನ, ದಾರಿ ಮಧ್ಯ, ಕಟ್ಟಿದ ಹಾರ ಬಿಚ್ಚೋದು. ಮೂಕಮ್ಮನ ಹಾರ, ಆಟೋದೋರ ಹಾರ, ಆ ಅಜ್ಜಿ ತಲೆಯಿಂದ ತೆಗೆದು ಕೊಟ್ಟ ಸೇವಂತಿಗೆ. ಹರ್ಷ ಅವನ ಮುಖ ನೋಡ್ತಾ ನಿಂತಿದ್ದ. ಆಮೇಲೆ ಅವನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಭೂತಪ್ಪಣ್ಣ, ಬಿಸಾಡೋದು ಬೇಡ. ಹಿಂದೆ ಕಟ್ಟಣ. ದೇವರಿಗೆ ಹಿಂದಿಂದ ಕಾಣಲ್ವಾ?"

ಭೂತಪ್ಪ ಒಂದು ಸಲ ಕಣ್ಣು ಮುಚ್ಚಿ, ಕಾರಿನ ಮೂತಿ ಮುಟ್ಟಿ ಹಣೆಗೆ ಒತ್ಕೊಂಡ. ಆಮೇಲೆ ಗಂಟು ಬಿಚ್ಚಿದ. ಕೈ ಸುಟ್ಟರೂ ಹಲ್ಲು ಕಚ್ಕೊಂಡು ಒಂದೊಂದೇ. ಹರ್ಷ ಅವನ್ನ ಎತ್ಕೊಂಡು ಹೋಗಿ ಹಿಂದಿನ ಬಂಪರಿಗೆ ಕಟ್ತಾ ಹೋದ, ಅಜ್ಜಿ ಸೇವಂತಿಗೆ ಮಾತ್ರ ಕನ್ನಡಿಗೆ. ಪಕ್ಕದ ಝರಿಯಿಂದ ನೀರು ತಂದು ಡಿಕ್ಕೀಲಿದ್ದ ಗೋಣಿ ಒದ್ದೆ ಮಾಡಿ ಮೂತಿ ಮೇಲೆ ಹಾಸಿದ್ರು. ರೇಡಿಯೇಟರ್ ಮುಚ್ಚಳ ಆರೋವರೆಗೆ ಮುಟ್ಟಬಾರ್ದು ಅನ್ನೋದು ಬಸ್ಸಿನೋನಿಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಕಾದ್ರು. ಮುಳ್ಳು ಇಳೀತು. ನೀರು ತುಂಬಿಸಿದ್ರು. ಆದ್ರೆ ಕೀ ತಿರುಗಿಸಿದ್ರೆ ಗರ್‍ರ್ ಗರ್‍ರ್ ಅಂತಷ್ಟೆ. ಇನ್ನೂ ಬಿಸಿ, ಹತ್ತಲ್ಲ. ಅವಸರದಲ್ಲಿ ಭೂತಪ್ಪ ಮತ್ತೆ ಮತ್ತೆ ತಿರುಗಿಸಿದ. ಕೊನೆಗೆ ಟಿಕ್ ಅಂತು, ಅದೂ ನಿಂತ್ಹೋಯ್ತು. ಬ್ಯಾಟರಿ ಖಾಲಿ.

ಹರ್ಷನ ಫೋನು ಮತ್ತೆ ಬಡ್ಕೊಳ್ತು. ಅವನು ಎತ್ತಲಿಲ್ಲ.

ಆಗ ಕೇಳಿಸ್ತು ನೋಡಿ, ಹಿಂದಿನ ತಿರುವಿಂದ, ಹಲ್ಲು ಕಟಕಟ ಅನ್ನಿಸೋ ಆ ಸದ್ದು. ಭೂತಪ್ಪಂದೇ ಬಸ್ಸು. ಹಬ್ಬದ ಜನ ತುಂಬ್ಕೊಂಡು ಬಂದು ನಿಲ್ತು. ಬಾಗಿಲಲ್ಲಿ ನೇತಾಡ್ತಿದ್ದ ಸುಬ್ಬರಾಯ ಕೆಳಗೆ ಹಾರಿದ.

"ಏನ್ರೀ, ಲವ್ವರ್ ಮುನಿಸ್ಕೊಂಡ್ಲಾ?"

"ಮಾತು ಆಮೇಲೆ. ತಳ್ಳಕ್ಕೆ ಜನ ಇಳ್ಸು."

"ರೀ ಎಲ್ರೂ ಇಳೀರಿ," ಅಂತ ಸುಬ್ಬರಾಯ ಬಸ್ಸಿನ ಮೈ ತಟ್ಟಿದ. "ಇಷ್ಟು ವರ್ಷ ಭೂತಪ್ಪಣ್ಣ ನಿಮ್ಮನ್ನ ಎಳೆದಿದಾರೆ. ಈಗ ನೀವು ಅವರನ್ನ ತಳ್ಳಿ."

ಇಳಿದ್ರು. ಪಂಚೆ ಎತ್ತಿ ಕಟ್ಟಿದ್ರು, ಸೀರೆ ಸೆರಗು ಸಿಕ್ಕಿಸಿದ್ರು. ಹಿಂದೆ ಬಂಪರ್ ತುಂಬಾ ಹಾರ, ಹಾರದ ಮೇಲೇ ಕೈ ಇಟ್ಟು ತಳ್ಳಿದ್ರು. ಹರ್ಷ ಎಲ್ಲರ ಮಧ್ಯ, ಅವನ ಮೆಡಿಕಲ್ ಶಾಪಿನ ಬಿಳೀ ಶರ್ಟೆಲ್ಲಾ ಕೇಸರಿ. ಏರಿನ ನೆತ್ತಿ ದಾಟಿದ್ದೇ ಕಾರು ತನ್ನಷ್ಟಕ್ಕೆ ಉರುಳಕ್ಕೆ ಶುರು ಮಾಡ್ತು. ಭೂತಪ್ಪ ಎರಡನೇ ಗೇರಿಗೆ ಹಾಕಿ, ವೇಗ ಬರ್ಲಿ, ಇನ್ನೂ ಬರ್ಲಿ ಅಂತ ಕಾದು, ಕ್ಲಚ್ ಬಿಟ್ಟ. ಕಾರು ಒಂದು ಸಲ ಮುಗ್ಗರಿಸ್ತು. ಎರಡು ಸಲ. ಆಮೇಲೆ ಹನ್ನೆರಡೂ ಒಟ್ಟಿಗೆ ಎದ್ದವು. ಆ ಸದ್ದಿಗೆ ಮರದ ಮೇಲಿದ್ದ ಮಂಗಟ್ಟೆ ಹಕ್ಕಿಗಳು ರೆಕ್ಕೆ ಬಡಿದು ಹಾರಿದ್ವು. ರಸ್ತೆ ಮೇಲೆ ನಿಂತಿದ್ದ ಜನ ಹಲ್ಲು ಕಿರಿದು ಒಬ್ರನ್ನೊಬ್ರು ನೋಡ್ಕೊಂಡ್ರು.

ಇಳುಕಲಲ್ಲಿ ನಿಧಾನ ಮಾಡಿದ ಕಾರಿಗೆ ಹರ್ಷ ಓಡಿ ಬಂದು ಬಾಗಿಲು ತೆಗೀದೇ ಒಳಗೆ ಹಾರಿ ಬಿದ್ದ.

"ಸ್ಟಾಪ್ ಬಂದ್ರೆ ನಿಲ್ಲಿಸ್ಬೇಡಿ ಭೂತಪ್ಪಣ್ಣ, ಕೈ ಮುಗೀತೀನಿ."

ಭೂತಪ್ಪ ನಿಲ್ಲಿಸ್ಲಿಲ್ಲ. ಯಡೂರಲ್ಲಿ ಕಾಲು ಬ್ರೇಕಿಗೆ ಹೋಗಿದ್ದು ನಿಜ, ಹರ್ಷ ತೊಡೆ ಚಿವುಟಿದ. ಮುಳ್ಳು ಮಧ್ಯದಲ್ಲಿ ಗೂಟ ಹೊಡೆದಂಗೆ ನಿಂತಿತ್ತು. ಹಿಂದೆ ಹೂವಿನ ಎಸಳು ಉದುರ್ತಾ ಬಂದವು, ಅದರ ಹಿಂದೆ ಬಸ್ಸು, ಬಸ್ಸಿನ ಕಿಟಕಿ ಕಿಟಕೀಲೂ ತಲೆ.

ಅಂಗಳದಲ್ಲಿ ಟ್ರೇಲರ್ ಹಲಗೆ ಇಳಿಸ್ಕೊಂಡು ಕಾಯ್ತಿತ್ತು. ಭೂತಪ್ಪ ಅದರ ಪಕ್ಕದಲ್ಲೇ ತಂದು ನಿಲ್ಲಿಸಿದ. ಇಂಜಿನ್ ಆಫ್ ಮಾಡಕ್ಕೆ ಮನಸ್ಸು ಬರ್ಲಿಲ್ಲ, ಹಂಗೇ ಬಿಟ್ಟ. ಮಂಗಳೂರಿನೋರು ಕಾರಿನ ಸುತ್ತ ಬಂದು, ಜಾಲರಿಗೆ ಅಂಟಿದ್ದ ಬೆಂದ ಹೂವು ಬೆರಳಲ್ಲಿ ಕೆರೆದು ನೋಡಿದ್ರು.

"ದಾರೀಲಿ ಕೈ ಕೊಟ್ಟಿತಾ?"

ಭೂತಪ್ಪನಿಗೆ ಸುಳ್ಳು ಹೇಳ್ಬಹುದಿತ್ತು. "ಕೊಡ್ತು," ಅಂದ. "ಮಾಸ್ತಿಕಟ್ಟೆ ಹತ್ರ ನಿಂತಿತ್ತು. ತಳ್ಳಿದ್ವಿ." ಹರ್ಷನ ಕಡೆ ನೋಡಕ್ಕೆ ಆಗದೇ ಸ್ಟೇರಿಂಗ್ ನೋಡ್ತಾ ಕೂತ.

"ಚಕ್ರದ ಮೇಲೇ ಬಂದಿದೆ ಸಾರ್," ಅಂದ ಹರ್ಷ. "ನಾನೇ ತಳ್ಳಿದೀನಿ, ಹಂಗಾಗಿ ಗೊತ್ತು. ನಿಮ್ಮನ್ನ ಇಷ್ಟು ದೂರ ಬರ್ಸಿದ್ದಕ್ಕೆ ಬೇಜಾರು ಮಾಡ್ಕಬೇಡಿ, ಊಟ ಮಾಡ್ಕೊಂಡೇ ಹೋಗ್ಬೇಕು. ಕಾರು ಕೊಡಲ್ಲ." ಆಮೇಲೆ ಭೂತಪ್ಪನ ಕಡೆ ತಿರುಗಿ, "ನೀವು ಇಳೀರಿ ಈಗ. ನನ್ನ ಎಡಗಾಲಿಗೆ ಕೆಲಸ ಕೊಡಿ" ಅಂದ.

ಅಂಗಳದಿಂದ ಶೆಡ್ಡಿಗೆ ಎಷ್ಟು ದೂರ, ನಾಕು ಮಾರು. ಅಷ್ಟರಲ್ಲೇ ಕಾರು ಕಪ್ಪೆ ಥರ ಕುಪ್ಪಳಿಸಿ ಕುಪ್ಪಳಿಸಿ ಆಫ್ ಆಯ್ತು. ಭೂತಪ್ಪ ಪಕ್ಕದಲ್ಲಿ ನಡೀತಾ, "ನಿಧಾನ, ಕ್ಲಚ್ ಅಂದ್ರೆ ಹಸುಗೂಸು, ಥಟ್ಟಂತ ಬಿಡಬಾರ್ದು" ಅಂತ ಹೇಳ್ತಾನೇ ಇದ್ದ. ಗೇಟ್ ಹತ್ರ ಬಸ್ಸಿಂದ ಇಳಿದು ನೋಡ್ತಿದ್ದ ಜನ ಪ್ರತೀ ಸಲ ಕುಪ್ಪಳಿಸ್ದಾಗ್ಲೂ ಚಪ್ಪಾಳೆ ಹೊಡೆದ್ರು.

ಹಬ್ಬ ಮುಗೀತು. ಭೂತಪ್ಪ ಮತ್ತೆ ಬಸ್ಸಿನ ಸ್ಟೇರಿಂಗಿಗೆ ಬಂದ. ಬಸ್ಸಿನ ಹಾರ ಇನ್ನೂ ಒಣಗಿರ್ಲಿಲ್ಲ, ಅವನು ಹತ್ತೋ ಮುಂಚೆ ಬಗ್ಗಿ ಕೆಳಗೆ ಗಾಳಿ ಹೋಗೋ ಜಾಗ ಒಂದ್ಸಲ ನೋಡ್ಕೊಂಡ. ಸುಬ್ಬರಾಯ ನಕ್ಕ. ತೀರ್ಥಹಳ್ಳಿ ಇನ್ನೇನು ಬಂತು ಅನ್ನೋವಾಗ ಎಡಗಡೆ ಆ ಮನೆ ಬಂತು. ಭೂತಪ್ಪ ಎರಡು ಸಲ ಹಾರನ್ ಹೊಡೆದ.

ಶೆಡ್ಡಿನ ಒಳಗಿಂದ ಎರಡು ಸಲ ವಾಪಸ್ ಬಂತು.